ಕೊಟ್ಟಿಗೆಯಿಂದ ಎದ್ದು ಬಂದ ಜಾವಾ

‘ಕಿಲೋ ಲೆಕ್ಕದಲ್ಲಿ ಕೊಡ್ತೀರೋ, ಇಡಿಯಾಗಿ ಕೊಡ್ತೀರೋ ಮೇಷ್ಟ್ರೇ?’

ಗುಜರಿಯವನು ಹೀಗೆ ಕೇಳಿದಾಗ ನಾನು ಊರಿನ ಮನೆಯ ಕೊಟ್ಟಿಗೆಯಲ್ಲಿ ನಿಂತಿದ್ದೆ. ಎದುರಿಗೆ ಒಣಹುಲ್ಲಿನ ಧೂಳು ಹೊದ್ದು, ಟೈರುಗಳು ನೆಲಕ್ಕಂಟಿ, ಹೆಡ್‌ಲೈಟಿನೊಳಗೆ ಜೇಡ ಗೂಡು ಕಟ್ಟಿದ್ದ ಅಪ್ಪನ ಜಾವಾ ಮೋಟಾರ್‌ಸೈಕಲ್ಲು. 2023ರ ಏಪ್ರಿಲ್ ತಿಂಗಳು. ಕೊಟ್ಟಿಗೆ ಕೆಡವಿ ಸಿಮೆಂಟಿನ ಗೋದಾಮು ಕಟ್ಟಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಹಳೆಯ ನೊಗ, ನೇಗಿಲು, ಕಬ್ಬಿಣದ ಮಂಚದ ಜೊತೆಗೆ ಇದೂ ಹೋಗಲಿ ಎಂದು ಅಣ್ಣ ಹೇಳಿದ್ದ. ನಾನೂ ‘ಹೂಂ’ ಎಂದಿದ್ದೆ.

ಅಪ್ಪ ಪಶುವೈದ್ಯರು. 1969ರಲ್ಲಿ, ನಾನು ಹುಟ್ಟುವುದಕ್ಕೆ ಒಂದು ವರ್ಷ ಮೊದಲು, ಸಾಲ ಮಾಡಿ ಈ ಗಾಡಿ ಕೊಂಡರು. ರಾತ್ರಿ ಹೊತ್ತು ಯಾವುದೋ ಹಳ್ಳಿಯಲ್ಲಿ ಹಸು ಕರು ಹಾಕಲಾರದೆ ಒದ್ದಾಡುತ್ತಿದೆ ಎಂದು ಸುದ್ದಿ ಬಂದರೆ ಇದೇ ಗಾಡಿಯಲ್ಲಿ ಹೊರಡುತ್ತಿದ್ದರು. ಎರಡು ಮೈಲಿ ದೂರದಲ್ಲೇ ಸದ್ದು ಕೇಳಿ ಅಮ್ಮ ಒಲೆಯ ಮೇಲೆ ನೀರಿಡುತ್ತಿದ್ದಳು. ಅಪ್ಪನಿಗೆ ಕೈಲಾಗದೆ ಹೋದ ಮೇಲೆ 1999ರಲ್ಲಿ ಗಾಡಿ ಕೊಟ್ಟಿಗೆ ಸೇರಿತು. 2004ರಲ್ಲಿ ಅಪ್ಪ ತೀರಿಕೊಂಡರು.

ಗುಜರಿಯವನಿಗೆ ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಒಂದು ಹಳೆಯ ಮಾತು ನೆನಪಾಯಿತು. ನಾನು ಬಿ.ಎಸ್ಸಿ. ಮುಗಿಸಿದ ವರ್ಷ ಗಾಡಿ ದಾರಿಯಲ್ಲಿ ನಿಂತಿತ್ತು. ಅಪ್ಪ, ‘ಆ ಪ್ಲಗ್ಗು ಬಿಚ್ಚಿ ಒರೆಸಿ ಹಾಕು’ ಎಂದರು. ನಾನು ಪಾನಾ ಹಿಡಿದು ಎಲ್ಲಿಗೆ ಹಾಕಬೇಕೆಂದು ತಿಳಿಯದೆ ನಿಂತೆ. ‘ಡಿಗ್ರಿ ಮಾಡಿದ್ದೀಯ, ಪ್ಲಗ್ಗು ಬಿಚ್ಚಕ್ಕೆ ಬರಲ್ವೇನೋ?’ ಎಂದು ಅವರು ನಕ್ಕರು. ನಾನೂ ನಕ್ಕೆ. ಆದರೆ ಆಮೇಲೆ ಮೇಷ್ಟರಾಗಿ ಮೂವತ್ತು ವರ್ಷ ಗೋಡೆಗೆ ಚಾರ್ಟು ತೂಗುಹಾಕಿ ಎಂಜಿನ್ನಿನ ಪಾಠ ಮಾಡಿದ ನಾನು ಒಮ್ಮೆಯೂ ಪಿಸ್ಟನ್ನನ್ನು ಕೈಯಲ್ಲಿ ಹಿಡಿದಿರಲಿಲ್ಲ. ಈ ಸತ್ಯವನ್ನು ವಿದ್ಯಾರ್ಥಿಗಳ ಮುಂದೆ ಹೇಳಿಕೊಂಡಿರಲಿಲ್ಲ, ಈಗ ಹೇಳುತ್ತಿದ್ದೇನೆ.

‘ಇದು ಕೊಡೋದಿಲ್ಲಪ್ಪ’ ಎಂದೆ.

ಮನೆಯಲ್ಲಿ ಯುದ್ಧವೇ ಆಯಿತು. ಮಗಳು ಆಗತಾನೆ ಒಂಬತ್ತನೆಯ ತರಗತಿ ಮುಗಿಸಿದ್ದಳು. ವಿಜ್ಞಾನದಲ್ಲಿ ಬಂದದ್ದು 46. ಮೇಷ್ಟರ ಮಗಳಿಗೆ! ‘ಸೂತ್ರ ಬರೆದರೆ ಮಾರ್ಕ್ಸು ಕೊಡ್ತಾರೆ, ಅದು ಯಾಕೆ ಹಾಗೆ ಅಂತ ಯಾರೂ ಕೇಳಲ್ಲ’ ಎಂಬುದು ಅವಳ ವಾದ. ಆಕೆಯೂ ನನ್ನ ಜೊತೆ ಗಾಡಿ ಬಿಚ್ಚಲಿ ಎಂದಾಗ ನನ್ನಾಕೆ, ‘ರೀ, ಎಸ್ಸೆಸ್ಸೆಲ್ಸಿ ವರ್ಷ. ಹೆಣ್ಣುಮಗು ಕೈಗೆ ಗ್ರೀಸು ಹಚ್ಚಿಸ್ತೀರಾ?’ ಎಂದು ರೇಗಿದಳು. ಕೊನೆಗೆ ಒಪ್ಪಂದವಾಯಿತು: ಬೇಸಿಗೆ ರಜೆ, ಆಮೇಲೆ ಭಾನುವಾರ ಎರಡು ಗಂಟೆ. ದಸರಾ ರಜೆಯೊಳಗೆ ಮುಗಿಯದಿದ್ದರೆ ಗಾಡಿ ಗುಜರಿಗೆ.

ಮೈಸೂರಿನಲ್ಲಿ ಹುಟ್ಟಿದ ಗಾಡಿ

ಜಾವಾ ಎಂಬ ಹೆಸರು ಕೇಳಿ ಇಂಡೊನೇಷ್ಯಾದ ದ್ವೀಪವನ್ನು ನೆನೆಯಬೇಡಿ. 1929ರಲ್ಲಿ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಎಂಜಿನಿಯರ್, ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್‌ಸೈಕಲ್ ತಯಾರಿಕೆಯ ಹಕ್ಕು ಕೊಂಡರು. ತಮ್ಮ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ ಕೂಡಿಸಿ ಇಟ್ಟ ಹೆಸರಿದು. ಅವರ ನಾಡಿನಲ್ಲಿ ‘ಯಾವಾ’ ಎನ್ನುತ್ತಾರೆ, ನಮ್ಮಲ್ಲಿ ಜಾವಾ ಆಯಿತು.

ಇದನ್ನು ನಮ್ಮ ನಾಡಿಗೆ ತಂದವರು ಪಾರಸಿ ಉದ್ಯಮಿ ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ. ಅವರ ‘ಐಡಿಯಲ್ ಜಾವಾ’ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿ ಆರಂಭವಾದದ್ದು 1961ರಲ್ಲಿ. 1970ರ ದಶಕದ ಮೊದಲ ಭಾಗದಲ್ಲಿ ಗಾಡಿಯ ಹೆಸರು ‘ಯೆಜ್ಡಿ’ ಎಂದು ಬದಲಾಯಿತು. ಇರಾನಿನ ಯಜ್ದ್ ಎಂಬ ಊರಿನಿಂದ ಬಂದ ಹೆಸರು ಅದು. 1980ರ ದಶಕದ ನಡುವೆ ಕಡಿಮೆ ಪೆಟ್ರೋಲಿಗೆ ಹೆಚ್ಚು ದೂರ ಓಡುವ ಜಪಾನಿ ತಂತ್ರಜ್ಞಾನದ 100 ಸಿಸಿ ಗಾಡಿಗಳು ಬಂದವು. ಹೊಗೆಯ ಮೇಲಿನ ಕಟ್ಟುಪಾಡುಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಗಾಡಿಗಳು ಬೇರೊಂದು ಕಂಪನಿಯಿಂದ ಮತ್ತೆ ಮಾರುಕಟ್ಟೆಗೆ ಬಂದವು. ಆದರೆ ಅವು ಫೋರ್ ಸ್ಟ್ರೋಕ್ ಎಂಜಿನ್ನಿನವು, ಅವುಗಳ ಬಿಡಿಭಾಗ ಅಪ್ಪನ ಗಾಡಿಗೆ ಹೊಂದುವುದಿಲ್ಲ.

ಅಪ್ಪನದು 250 ಸಿಸಿಯ ಟೂ ಸ್ಟ್ರೋಕ್. ಇದರಲ್ಲಿ ಪಿಸ್ಟನ್ನೇ ಬಾಗಿಲು ಕಾಯುವ ಜವಾನ. ಅದು ಮೇಲೆ ಹೋಗುವಾಗ ಕೆಳಗಿನ ಕ್ರ್ಯಾಂಕ್ ಕೋಣೆಗೆ ಗಾಳಿ, ಪೆಟ್ರೋಲು ಬರುತ್ತವೆ. ಕೆಳಗೆ ಇಳಿಯುವಾಗ ಅದೇ ಮಿಶ್ರಣ ಒತ್ತಿಸಿಕೊಂಡು ಸಿಲಿಂಡರಿನ ಗೋಡೆಯ ಕಿಂಡಿಯಿಂದ ಮೇಲೇರುತ್ತದೆ. ಕ್ರ್ಯಾಂಕ್ ಸುತ್ತಿದ ಪ್ರತಿ ಸುತ್ತಿಗೂ ಒಮ್ಮೆ ಕಿಡಿ. ಕ್ರ್ಯಾಂಕ್ ಕೋಣೆಯಲ್ಲಿ ಪ್ರತ್ಯೇಕ ಎಣ್ಣೆ ತುಂಬಿಡುವಂತಿಲ್ಲವಾದ್ದರಿಂದ ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು. ಆ ಎಣ್ಣೆಯೂ ಉರಿಯುವುದರಿಂದ ಹೊಗೆ.

ಇನ್ನೊಂದು ವಿಶೇಷವೆಂದರೆ ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್, ಮುಂದಕ್ಕೆ ಮಡಚಿದರೆ ಗೇರ್. ಈ ಲಿವರೇ ಮುಂದೆ ನಮ್ಮನ್ನು ಅತಿ ಹೆಚ್ಚು ಅಲೆದಾಡಿಸಿತು.

ಬಿಸಿ ಮಾಡಿದರೆ ಬಿಗಿಯಾಯಿತು!

ಮೊದಲ ದಿನವೇ ತಿಳಿಯಿತು: ಪಿಸ್ಟನ್ ಸಿಲಿಂಡರಿಗೆ ಅಂಟಿಕೊಂಡಿದೆ. ಇಪ್ಪತ್ನಾಲ್ಕು ವರ್ಷದ ತೇವ, ತುಕ್ಕು. ಕಿಕ್ಕರಿನ ಮೇಲೆ ನಿಂತರೂ ಅಲುಗಾಡದು.

‘ಬಿಸಿ ಮಾಡಿದರೆ ಲೋಹ ಹಿಗ್ಗುತ್ತದೆ, ಸಿಲಿಂಡರ್ ಹಿಗ್ಗಿದರೆ ಪಿಸ್ಟನ್ ಸಡಿಲವಾಗುತ್ತದೆ’ ಎಂದು ಮಗಳಿಗೆ ಪಾಠ ಹೇಳಿ, ಬ್ಲೋಲ್ಯಾಂಪ್ ತರಿಸಿ ಅರ್ಧ ಗಂಟೆ ಕಾಯಿಸಿದೆ. ಮರದ ತುಂಡಿಟ್ಟು ಬಡಿದೆ. ಅದು ಇನ್ನಷ್ಟು ಬಿಗಿಯಾಗಿ ಕೂತಂತಿತ್ತು.

ಮಗಳು ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ‘ಅಪ್ಪ, ಪಿಸ್ಟನ್ ಅಲ್ಯುಮಿನಿಯಂ ಅಲ್ವಾ? ಸಿಲಿಂಡರ್ ಕಬ್ಬಿಣ. ಎರಡರಲ್ಲಿ ಯಾವುದು ಜಾಸ್ತಿ ಹಿಗ್ಗುತ್ತೆ?’ ಎಂದು ಕೇಳಿದಳು.

ನಾನು ಬ್ಲೋಲ್ಯಾಂಪ್ ಆರಿಸಿದೆ. ಅಲ್ಯುಮಿನಿಯಂ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಲೆಕ್ಕ ಹಾಕಿ ನೋಡಿ. 65 ಮಿ.ಮೀ. ಅಗಲದ ಪಿಸ್ಟನ್ 100 ಡಿಗ್ರಿ ಬಿಸಿ ಏರಿದರೆ ಸುಮಾರು 0.15 ಮಿ.ಮೀ. ದಪ್ಪವಾಗುತ್ತದೆ. ಸಿಲಿಂಡರಿನ ಬಾಯಿ ಅಗಲವಾಗುವುದು ಸುಮಾರು 0.07 ಮಿ.ಮೀ. ಮಾತ್ರ. ಬಿಸಿ ಒಳಗೆ ಇಳಿದಷ್ಟೂ ನಾನು ಪಿಸ್ಟನ್ನನ್ನು ಬಿಗಿ ಮಾಡುತ್ತಿದ್ದೆ! ಗುಂಡು ಮತ್ತು ಬಳೆಯ ಪ್ರಯೋಗವನ್ನು ಎಷ್ಟು ವರ್ಷ ತೋರಿಸಿದ್ದೇನೋ ಲೆಕ್ಕವಿಲ್ಲ. ಆದರೆ ಅಲ್ಲಿ ಗುಂಡೂ ಬಳೆಯೂ ಒಂದೇ ಲೋಹದವು ಎಂಬುದನ್ನು ನಾನೇ ಮರೆತಿದ್ದೆ.

ಹಾಗಾದರೆ ಮಾಡುವುದೇನು? ತಣಿಯಲು ಬಿಡುವುದು. ತಣಿಯುವಾಗ ಪಿಸ್ಟನ್ ಸಿಲಿಂಡರಿಗಿಂತ ಹೆಚ್ಚು ಕುಗ್ಗುತ್ತದೆ. ಆ ಕೂದಲೆಳೆಯ ಸಂದಿಗೆ ತೆಳು ಎಣ್ಣೆ ಇಳಿಯುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಪ್ಲಗ್ಗಿನ ತೂತಿನಿಂದ ಎಣ್ಣೆ ಹಾಕಿ ಬಿಟ್ಟೆವು. ದಿನಾ ಒಂದಿಷ್ಟು ಎಣ್ಣೆ, ಮರದ ತುಂಡಿನಿಂದ ಮೆಲ್ಲಗೆ ನಾಲ್ಕು ಪೆಟ್ಟು. ಆರನೆಯ ದಿನ ಬೆಳಿಗ್ಗೆ ‘ಟಕ್’ ಎಂದು ಅಲುಗಾಡಿತು. ಮಗಳು ಓಡಿಹೋಗಿ ಅಜ್ಜಿಗೆ ಹೇಳಿಬಂದಳು. ನನ್ನ ಪಾಠ ಸುಳ್ಳಾದದ್ದನ್ನೂ ಸೇರಿಸಿಯೇ ಹೇಳಿದ್ದಳು.

ಹೆಸರಲ್ಲ, ಅಳತೆ

ಗಾಡಿ ಬಿಚ್ಚಿ ಹರಡಿದಾಗ ಜಗಲಿ ತುಂಬಿತು. ಮಗಳು ಪ್ರತಿಯೊಂದು ಬಿಚ್ಚುವ ಮೊದಲು ಫೋಟೋ ತೆಗೆದಳು. ನಟ್ಟು, ಬೋಲ್ಟುಗಳನ್ನು ಒಂದೊಂದು ಜಾಗದ್ದು ಒಂದೊಂದು ಡಬ್ಬಿಯಲ್ಲಿಟ್ಟು ಚೀಟಿ ಅಂಟಿಸಿದಳು. ಒಂದು ಪುಣ್ಯ: ಇದು ಯೂರೋಪಿನ ಗಾಡಿಯಾದ್ದರಿಂದ ನಟ್ಟುಗಳೆಲ್ಲ ಮಿಲಿಮೀಟರ್ ಅಳತೆಯವು, ಮನೆಯ ಪಾನಾಗಳೇ ಸಾಕು. ಆ ಕಾಲದ ಬುಲೆಟ್ ಆಗಿದ್ದರೆ ಇಂಗ್ಲೆಂಡಿನ ಇಂಚಿನ ಪಾನಾಗಳನ್ನು ಹುಡುಕಬೇಕಿತ್ತು.

ಬಿಡಿಭಾಗಗಳ ಪಟ್ಟಿ ಹಿಡಿದು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆವು. ಅಂಗಡಿಯಿಂದ ಅಂಗಡಿಗೆ ಒಂದೇ ಉತ್ತರ: ‘ಹಳೇ ಜಾವಾದಾ? ಬರಲ್ಲ ಸಾರ್.’ ನಾಲ್ಕನೆಯ ಅಂಗಡಿಯಲ್ಲಿ ಕೂತಿದ್ದ ಮುದುಕರೊಬ್ಬರು ನನ್ನ ಕೈಯಲ್ಲಿದ್ದ ಹಳೆಯ ಬೇರಿಂಗನ್ನು ತೆಗೆದುಕೊಂಡು ಅಂಗಿಯ ತುದಿಯಿಂದ ಒರೆಸಿದರು. ‘ಜಾವಾದ ಬೇರಿಂಗ್ ಅಂತ ಯಾಕೆ ಕೇಳ್ತೀರಿ? ಮೇಲೆ ನಂಬರ್ ಇದೆ ನೋಡಿ. ಆ ನಂಬರ್ ಕೇಳಿ’ ಎಂದರು. ಎರಡು ನಿಮಿಷದಲ್ಲಿ ಹೊಸ ಬೇರಿಂಗ್ ಕೈಗೆ ಬಂತು.

ಬೇರಿಂಗುಗಳ ನಂಬರಿಗೆ ಇಡೀ ಜಗತ್ತಿನಲ್ಲಿ ಒಂದೇ ಭಾಷೆ. 6204 ಎಂದಿದ್ದರೆ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿ: 04 ಐದಲ ಇಪ್ಪತ್ತು. ಒಳಗಿನ ತೂತು 20 ಮಿ.ಮೀ. 6205 ಎಂದರೆ 25 ಮಿ.ಮೀ. (ಕೊನೆಗೆ 00, 01, 02, 03 ಇದ್ದರೆ ಮಾತ್ರ ಈ ಲೆಕ್ಕ ನಡೆಯದು. ಅವು ಕ್ರಮವಾಗಿ 10, 12, 15, 17 ಮಿ.ಮೀ.) ಆ ಬೇರಿಂಗ್ ಜಾವಾದಲ್ಲಿರಲಿ, ಹಿಟ್ಟಿನ ಗಿರಣಿಯಲ್ಲಿರಲಿ, ನೀರಿನ ಮೋಟರಿನಲ್ಲಿರಲಿ, ಅದು ಅದೇ. ಆಯಿಲ್ ಸೀಲುಗಳೂ ಹೀಗೆಯೇ. ಒಳ ಅಳತೆ, ಹೊರ ಅಳತೆ, ದಪ್ಪ ಎಂಬ ಮೂರು ಸಂಖ್ಯೆ ಹೇಳಿದರೆ ಸಾಕು.

ಬಸ್ಸಿನಲ್ಲಿ ಹಿಂದಿರುಗುವಾಗ ಮಗಳು ಪಟ್ಟಿಯನ್ನು ಹರಿದು ಹೊಸದಾಗಿ ಮೂರು ಕಾಲಂ ಮಾಡಿದಳು. ಮೊದಲನೆಯದು, ನಂಬರ್ ಅಥವಾ ಅಳತೆ ಹೇಳಿದರೆ ಸಿಗುವಂಥವು: ಬೇರಿಂಗ್, ಸೀಲ್, ಪ್ಲಗ್, ಚೈನ್, ಬಲ್ಬ್, ಟೈರ್. ಎರಡನೆಯದು, ಯಾರಾದರೂ ಕೈಕೆಲಸದವರು ಸರಿಮಾಡಬಲ್ಲಂಥವು: ಬೋರು, ಬುಷ್ಷು, ಡೈನಮೋ, ಟ್ಯಾಂಕು. ಮೂರನೆಯದು, ಈ ಗಾಡಿಗೇ ಮೀಸಲಾದಂಥವು, ಯಾರದೋ ಅಟ್ಟದ ಮೇಲೆ ಹುಡುಕಬೇಕಾದವು. ಅಂಗಡಿಯವರು ‘ಬರಲ್ಲ’ ಎಂದಿದ್ದ ಇಡೀ ಪಟ್ಟಿಯಲ್ಲಿ ಮೂರನೆಯ ಕಾಲಮ್ಮಿಗೆ ಬಿದ್ದದ್ದು ನಾಲ್ಕೇ ನಾಲ್ಕು ವಸ್ತು.

ಅಪ್ಪನ ನೋಟ್‌ಬುಕ್ಕು

ಗಾಡಿಯ ಪೆಟ್ಟಿಗೆಯಲ್ಲಿ ಒಂದು ಸಣ್ಣ ನೋಟ್‌ಬುಕ್ ಸಿಕ್ಕಿತು. ಅಪ್ಪ ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗಲೂ ಬರೆದಿಟ್ಟಿದ್ದರು: ‘ಪೆ 5, ಎ 200’. ಅಂದರೆ ಐದು ಲೀಟರ್ ಪೆಟ್ರೋಲಿಗೆ 200 ಮಿ.ಲೀ. ಎಣ್ಣೆ, 25ಕ್ಕೆ 1. ನಡುವೆ 1978ರ ಒಂದು ಸಾಲು: ‘ಬೋರ್ 65.25’.

ಸಿಲಿಂಡರ್ ಸವೆದಾಗ ಅದನ್ನು ಕೊರೆದು ಒಂದಿಷ್ಟು ಅಗಲ ಮಾಡಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕುವುದೇ ಬೋರ್ ಮಾಡಿಸುವುದು. ಮೂಲ ಅಳತೆ 65 ಮಿ.ಮೀ., ಮುಂದೆ ಸಾಮಾನ್ಯವಾಗಿ ಕಾಲು ಕಾಲು ಮಿಲಿಮೀಟರ್ ಏರುತ್ತ ಹೋಗುತ್ತದೆ. ಈಗ ಸಿಲಿಂಡರ್ ಎಷ್ಟಿದೆ?

ಮಗಳು ಶಾಲೆಯ ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್ಸ್ ತಂದಳು. ಅದರ ಕನಿಷ್ಠ ಅಳತೆ 0.1 ಮಿ.ಮೀ. ನಮಗೆ ಬೇಕಾದದ್ದು ಅದರ ಹತ್ತನೆಯ ಒಂದು ಭಾಗ. ಸ್ಕ್ರೂಗೇಜ್ 0.01 ಮಿ.ಮೀ. ತೋರಿಸುತ್ತದೆ ನಿಜ, ಆದರೆ ನಮ್ಮ ಶಾಲೆಯದು 25 ಮಿ.ಮೀ.ಗಿಂತ ಹೆಚ್ಚು ಬಾಯಿ ತೆರೆಯದು, ಒಳ ಅಳತೆಯನ್ನಂತೂ ನೋಡಲಾರದು. ‘ಕನಿಷ್ಠ ಅಳತೆ ಎಂದರೇನು?’ ಎಂಬ ಎರಡು ಅಂಕದ ಪ್ರಶ್ನೆ ಏಕಿದೆ ಎಂದು ಅವಳಿಗೂ ಅವತ್ತು ಗೊತ್ತಾಯಿತು, ನನಗೂ.

ಹಾಸನದ ಲೇತ್ ಅಂಗಡಿಯ ಮೇಸ್ತ್ರಿ ಬೋರ್ ಗೇಜ್ ಇಳಿಸಿ ತೋರಿಸಿದರು. ಕೆಳಗೆ 65.29, ಮೇಲ್ತುದಿಯ ಬಳಿ 65.38. ಹೆಚ್ಚು ಬಿಸಿ, ಹೆಚ್ಚು ಒತ್ತಡ ಇರುವ ಮೇಲ್ಭಾಗದಲ್ಲೇ ಸವೆತ ಜಾಸ್ತಿ. ‘65.50ರ ಪಿಸ್ಟನ್ ತನ್ನಿ. ಪಿಸ್ಟನ್ ಕೈಗೆ ಬಂದ ಮೇಲೇ ಬೋರ್ ಹಾಕೋದು, ಮೊದಲೇ ಹಾಕಲ್ಲ’ ಎಂದರು. ಪಿಸ್ಟನ್ನನ್ನು ಅಳೆದು, ಬೇಕಾದ ಸಂದಿ ಬಿಟ್ಟು ಕೊರೆಯಬೇಕು. ಹಿಗ್ಗುವ ಲೆಕ್ಕ ಮತ್ತೆ ಇಲ್ಲಿ ಬಂತು. ಪಿಸ್ಟನ್ ಹಿಗ್ಗಲು ಜಾಗವಿಲ್ಲದಿದ್ದರೆ ಎಂಜಿನ್ ಓಡುತ್ತಲೇ ಹಿಡಿದುಕೊಳ್ಳುತ್ತದೆ.

ಮಗಳು ಇನ್ನೊಂದು ಲೆಕ್ಕ ಮಾಡಿದಳು. ಪಿಸ್ಟನ್ ಚಲಿಸುವ ದೂರ 75 ಮಿ.ಮೀ. ಸಿಲಿಂಡರಿನ ಘನಫಲದ ಸೂತ್ರ ಹಾಕಿದರೆ 65 ಮಿ.ಮೀ.ಗೆ ಸುಮಾರು 249 ಸಿಸಿ, 65.5ಕ್ಕೆ ಸುಮಾರು 253. ‘ತಾತನ ಗಾಡಿ ವಯಸ್ಸಾದ ಹಾಗೆ ದೊಡ್ಡದಾಗಿದೆ’ ಎಂದು ನಕ್ಕಳು. ಗಣಿತದ ಮೇಷ್ಟರು ಆ ಸೂತ್ರವನ್ನು ಅವಳಿಗೆ ನೂರು ಸಲ ಬರೆಸಿದ್ದರಂತೆ. ತಾನಾಗಿ ಬರೆದದ್ದು ಅದೇ ಮೊದಲ ಸಲ.

ಕೈ ಬಲ್ಲವರು

ಎರಡನೆಯ ಕಾಲಮ್ಮಿನ ಕೆಲಸಗಳಿಗೆ ದೂರ ಹೋಗಬೇಕಾಗಲಿಲ್ಲ. ಸುಟ್ಟುಹೋಗಿದ್ದ ಡೈನಮೋ ಆರ್ಮೇಚರನ್ನು ಸರಿಮಾಡಿದವರು ರೈತರ ಪಂಪ್‌ಸೆಟ್ ಮೋಟರ್ ಸುತ್ತುವ ಅಂಗಡಿಯವರು. ‘ನಾನು ಜಾವಾ ನೋಡಿದ್ದು ಕಮ್ಮಿ, ಆದರೆ ತಾಮ್ರದ ತಂತಿ ನೋಡಿದೀನಿ’ ಎಂದು, ಹಳೆಯ ಸುತ್ತುಗಳನ್ನು ಒಂದೊಂದಾಗಿ ಬಿಚ್ಚುತ್ತ ಎಣಿಸಿ, ತಂತಿಯ ದಪ್ಪ ಅಳೆದು, ಅಷ್ಟೇ ಸುತ್ತು ಸುತ್ತಿಕೊಟ್ಟರು.

ಕಾರ್ಬ್ಯುರೇಟರಿನಲ್ಲಿ ಹಿತ್ತಾಳೆಯ ಒಂದು ಟೊಳ್ಳು ಬುರುಡೆ ತೇಲುತ್ತಿರುತ್ತದೆ. ಪೆಟ್ರೋಲು ತುಂಬಿದಾಗ ಮೇಲೆದ್ದು ದಾರಿ ಮುಚ್ಚುವುದು ಅದರ ಕೆಲಸ. ನಮ್ಮದು ತೂತಾಗಿ ಮುಳುಗುತ್ತಿತ್ತು. ಒಳಗಿನ ಪೆಟ್ರೋಲನ್ನು ಪೂರ್ತಿ ಹೊರಹಾಕಿ, ಬಿಸಿ ನೀರಿನಲ್ಲಿ ಅದ್ದಿದಾಗ ಗುಳ್ಳೆ ಬಂದ ಜಾಗವೇ ತೂತು. ಅಕ್ಕಸಾಲಿಗರೊಬ್ಬರು ಅಲ್ಲಿಗೆ ಸಾಸಿವೆಯಷ್ಟು ಬೆಸುಗೆ ಇಟ್ಟರು. ಬೆಸುಗೆ ಹೆಚ್ಚಾದರೆ ಬುರುಡೆ ಭಾರವಾಗಿ ಆಳಕ್ಕೆ ಇಳಿಯುತ್ತದೆ, ಪೆಟ್ರೋಲಿನ ಮಟ್ಟ ಏರುತ್ತದೆ. ಆರ್ಕಿಮಿಡೀಸ್ ಇಲ್ಲಿಯೂ ಇದ್ದ!

ಟ್ಯಾಂಕಿನ ಒಳಗಿನ ತುಕ್ಕನ್ನು ನಾವೇ ತೆಗೆದೆವು. ಸೋಪಿನ ನೀರಿನಲ್ಲಿ ಪೆಟ್ರೋಲಿನ ವಾಸನೆಯೂ ಉಳಿಯದಂತೆ ಹಲವು ಸಲ ತೊಳೆದು, ವಾಷಿಂಗ್ ಸೋಡಾ ಕದಡಿದ ನೀರು ತುಂಬಿ, ಟ್ಯಾಂಕಿಗೆ ಎಲ್ಲಿಯೂ ತಾಗದಂತೆ ಒಂದು ಕಬ್ಬಿಣದ ಸರಳನ್ನು ನೇತುಹಾಕಿದೆವು. ಬ್ಯಾಟರಿ ಚಾರ್ಜರಿನ ಋಣ ತುದಿ ಟ್ಯಾಂಕಿಗೆ, ಧನ ತುದಿ ಸರಳಿಗೆ. ಹತ್ತನೆಯ ತರಗತಿಯ ವಿದ್ಯುದ್ವಿಭಜನೆಯೇ ಇದು. ಟ್ಯಾಂಕಿನ ಗೋಡೆಯಿಂದ ಹೈಡ್ರೊಜನ್ ಗುಳ್ಳೆಗಳೆದ್ದು ತುಕ್ಕು ಸಡಿಲವಾಗಿ ಕಂದು ನೊರೆಯಾಗಿ ಮೇಲೆ ಬಂತು. ಹೈಡ್ರೊಜನ್ ಹೊತ್ತಿಕೊಳ್ಳುವ ಅನಿಲ, ಆದ್ದರಿಂದ ಬಯಲಿನಲ್ಲೇ, ಬೆಂಕಿಯಿಂದ ದೂರದಲ್ಲೇ ಮಾಡಬೇಕು. ಸರಳು ಸ್ಟೇನ್‌ಲೆಸ್ ಸ್ಟೀಲಿನದಾಗಿರಕೂಡದು, ಅದರಿಂದ ವಿಷಕಾರಿ ಕ್ರೋಮಿಯಂ ಸಂಯುಕ್ತಗಳು ನೀರಿಗೆ ಬರುತ್ತವೆ. ಮಕ್ಕಳು ಒಬ್ಬರೇ ಕೈಹಾಕುವ ಕೆಲಸ ಇದಲ್ಲ.

ತಪ್ಪುಗಳೂ ಆದವು. ಅಂಗಡಿಯವರು ಕೊಟ್ಟ 12 ವೋಲ್ಟಿನ ಬಲ್ಬನ್ನು ಹಾಕಿದರೆ ಹೆಡ್‌ಲೈಟ್ ಹರಳೆಣ್ಣೆ ದೀಪದಂತೆ ಮಿಣುಕಿತು. ಗಾಡಿಯದು 6 ವೋಲ್ಟ್. ವೋಲ್ಟೇಜ್ ಅರ್ಧವಾದರೆ ಅದೇ ಬಲ್ಬಿಗೆ ಸಿಗುವ ಶಕ್ತಿ ಹೆಚ್ಚುಕಡಿಮೆ ಕಾಲು ಭಾಗ.

ಅರದ ಪರೀಕ್ಷೆ

ಉಳಿದದ್ದು ಮೂರನೆಯ ಕಾಲಂ. ಅದರಲ್ಲಿ ದೊಡ್ಡ ತಲೆನೋವು ಕಿಕ್ಕರ್ ಶಾಫ್ಟಿನ ಅರೆ ಚಕ್ರ. ಕಿಕ್ ಹೊಡೆದಾಗ ಎಂಜಿನ್ನನ್ನು ತಿರುಗಿಸುವ ಹಲ್ಲುಗಳು ಇರುವುದು ಅದರಲ್ಲಿ. ನಮ್ಮದರಲ್ಲಿ ಮೂರು ಹಲ್ಲು ಮುರಿದಿದ್ದವು. ಒಂದು ಅಂಗಡಿಯಲ್ಲಿ ಥಳಥಳಿಸುವ ಹೊಸದು ಸಿಕ್ಕಿತು. ಹಾಕಿ ನಾಲ್ಕು ಕಿಕ್ ಹೊಡೆಯುವಷ್ಟರಲ್ಲಿ ಹಲ್ಲುಗಳು ಬೆಣ್ಣೆಯಂತೆ ಮಡಚಿಕೊಂಡವು. ಆಗ ಸೆಪ್ಟೆಂಬರ್ ಕೊನೆ. ನನ್ನಾಕೆ ಕ್ಯಾಲೆಂಡರ್ ನೋಡುತ್ತಿದ್ದಳು, ಏನೂ ಹೇಳುತ್ತಿರಲಿಲ್ಲ.

ಮೈಸೂರಿನಲ್ಲಿರುವ ನನ್ನ ಸಹಪಾಠಿಯೊಬ್ಬ, ಹಿಂದೆ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಹಿರಿಯರೊಬ್ಬರ ಮನೆಗೆ ಕರೆದೊಯ್ದ. ಎಂಬತ್ತರ ಹತ್ತಿರದ ವಯಸ್ಸು. ಮೊದಲು ಮಡಚಿಹೋದ ಚಕ್ರವನ್ನು ನೋಡಿದರು. ಒಳಗಿನಿಂದ ಒಂದು ಅರ ತಂದು ಮಗಳ ಕೈಗೆ ಕೊಟ್ಟು, ‘ಉಜ್ಜಮ್ಮ’ ಎಂದರು. ಅರ ಕಚ್ಚಿತು, ಪುಡಿ ಉದುರಿತು. ಆಮೇಲೆ ನಮ್ಮ ಹಳೆಯ ಮುರಿದ ಚಕ್ರ ಕೊಟ್ಟು, ‘ಈಗ ಇದನ್ನ ಉಜ್ಜು’ ಎಂದರು. ಅರ ಗಾಜಿನ ಮೇಲೆ ಜಾರಿದಂತೆ ಜಾರಿತು.

‘ಮೇಲ್ಪದರಕ್ಕೆ ಇಂಗಾಲ ಹಿಡಿಸಿ, ಕಾಯಿಸಿ, ತಟ್ಟನೆ ತಣಿಸ್ತಿದ್ವು. ಹೊರಗೆ ಗಟ್ಟಿ, ಒಳಗೆ ಸ್ವಲ್ಪ ಮೆತ್ತಗೆ. ಪೂರ್ತಿ ಗಟ್ಟಿಯಾದರೆ ಗಾಜಿನ ಹಾಗೆ ಒಡೆಯುತ್ತೆ, ಪೂರ್ತಿ ಮೆತ್ತಗಾದರೆ ಹಿಂಗೆ ಮಡಚಿಕೊಳ್ಳುತ್ತೆ. ಅಳತೆ ಸರಿ ಇದ್ದರೆ ಸಾಲದು, ಒಳಗಿನ ಗುಣವೂ ಸರಿ ಇರಬೇಕು’ ಎಂದರು.

ಬೇರಿಂಗ್ ಅಂಗಡಿಯ ಮುದುಕರು ಕಲಿಸಿದ ಪಾಠದ ಇನ್ನರ್ಧ ಇದು. ಮಂಚದ ಕೆಳಗಿನ ಟ್ರಂಕಿನಿಂದ, ಎಣ್ಣೆ ಕಾಗದದಲ್ಲಿ ಸುತ್ತಿಟ್ಟಿದ್ದ ಒಂದು ಅರೆ ಚಕ್ರವನ್ನು ತೆಗೆದರು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ‘ಗಾಡಿ ಸ್ಟಾರ್ಟ್ ಆದ ದಿನ ಫೋನ್ ಮಾಡಿ ಸದ್ದು ಕೇಳಿಸಿ. ಮಗೂಗೆ ಅರ ಹಿಡಿಯೋ ಕೈ ಇದೆ’ ಎಂದರು.

ನೀವೂ ಕೈ ಹಾಕುವುದಾದರೆ

ಹಳೆಯ ಗಾಡಿ ಮನೆಯಲ್ಲಿದ್ದರೆ ಪಾನಾ ಹಿಡಿಯುವ ಮೊದಲು ಆರ್.ಸಿ. ಪುಸ್ತಕ ಹುಡುಕಿ. ಚಾಸಿಸ್ ನಂಬರ್, ಎಂಜಿನ್ ನಂಬರ್ ಅದಕ್ಕೆ ತಾಳೆಯಾಗಬೇಕು. ಆ ಅಂಕಿಗಳನ್ನು ಎಂದೂ ಉಜ್ಜಬೇಡಿ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ವರ್ಗಾಯಿಸಲು ನಮೂನೆ 31, ಅವಧಿ ಮುಗಿದ ನೋಂದಣಿಯ ನವೀಕರಣಕ್ಕೆ ನಮೂನೆ 25. ನಮಗೆ ಈ ಕೆಲಸಕ್ಕೆ ಎಂಜಿನ್ ಕೆಲಸಕ್ಕಿಂತ ಹೆಚ್ಚು ತಾಳ್ಮೆ ಬೇಕಾಯಿತು.

50 ವರ್ಷ ದಾಟಿ, ಮೂಲರೂಪದಲ್ಲೇ ಉಳಿದ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿಯನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದಿತು. ಆದರೆ ಅಂಥ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದ ಕೆಲಸಗಳಿಗೆ ಮಾತ್ರ ರಸ್ತೆಗಿಳಿಸಬಹುದು, ದಿನಬಳಕೆಗೆ ಅಲ್ಲ. ಯಾವುದು ನಿಮಗೆ ಸರಿಯೆಂದು ಯೋಚಿಸಿ ಅರ್ಜಿ ಹಾಕಿ.

ಈಗ ಬಂಕಿನಲ್ಲಿ ಸಿಗುವುದು ಎಥನಾಲ್ ಬೆರೆತ ಪೆಟ್ರೋಲು. ಅದು ಹಳೆಯ ಕಾಲದ ರಬ್ಬರನ್ನು ಕೆಡಿಸುತ್ತದೆ, ನೀರಿನ ಅಂಶವನ್ನೂ ಎಳೆದುಕೊಳ್ಳುತ್ತದೆ. ಪೆಟ್ರೋಲಿನ ಪೈಪನ್ನು ಹೊಸ ಬಗೆಯದಕ್ಕೆ ಬದಲಿಸಿ, ಗಾಡಿ ನಿಲ್ಲಿಸುವಾಗ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲು ಬಿಡಬೇಡಿ. ಹಳೆಯ ಭಾಗಗಳನ್ನು ಎಸೆಯಬೇಡಿ. ಮುರಿದದ್ದೇ ಹೊಸದಕ್ಕೆ ಅಳತೆಗೋಲು.

ಆಯುಧಪೂಜೆಯ ದಿನ

2023ರ ಅಕ್ಟೋಬರ್ 23. ಆಯುಧಪೂಜೆ. ಬೂದುಗುಂಬಳಕಾಯಿ, ನಿಂಬೆಹಣ್ಣು ಎಲ್ಲ ಸಿದ್ಧ. ಪಾಯಿಂಟಿನ ಸಂದಿ 0.4 ಮಿ.ಮೀ., ಪ್ಲಗ್ಗಿನ ಸಂದಿ 0.6 ಮಿ.ಮೀ. ಎಂದು ಮಗಳು ಫೀಲರ್ ಗೇಜಿನಲ್ಲಿ ಮತ್ತೊಮ್ಮೆ ನೋಡಿದಳು. ನಾನು ಕಿಕ್ ಹೊಡೆದೆ. ಒಂದು, ಎರಡು, ಹತ್ತು. ಬರೀ ಉಸಿರು. ಅಣ್ಣ ಪಕ್ಕಕ್ಕೆ ತಿರುಗಿ ನಿಂತ. ಮಗಳು ಪ್ಲಗ್ ಬಿಚ್ಚಿದಳು, ನೆನೆದಿತ್ತು. ಒರೆಸಿ ಒಣಗಿಸಿ ಹಾಕಿ, ‘ಈಗ ಚೋಕ್ ಬೇಡ ಅಪ್ಪ’ ಎಂದಳು.

ಹದಿಮೂರನೆಯ ಕಿಕ್ಕಿಗೆ ಬಿಳಿ ಹೊಗೆಯ ಮೋಡವೆದ್ದು, ಎರಡೂ ಸೈಲೆನ್ಸರುಗಳಿಂದ ಆ ಸದ್ದು ಬಂತು. ಒಳಮನೆಯಲ್ಲಿದ್ದ ಅಮ್ಮ ಗೋಡೆ ಹಿಡಿದುಕೊಂಡು ಜಗಲಿಗೆ ಬಂದಳು. ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ನಿಂತು, ಸೊಸೆಯ ಕಡೆ ತಿರುಗಿ, ‘ಒಲೆ ಮೇಲೆ ನೀರಿಡಮ್ಮ’ ಎಂದಳು. ಮೈಸೂರಿನ ಹಿರಿಯರು ಫೋನಿನಲ್ಲಿ ಸದ್ದು ಕೇಳಿ, ‘ಸ್ವಲ್ಪ ಪೆಟ್ರೋಲ್ ಜಾಸ್ತಿ ಹೋಗ್ತಿದೆ, ಕಮ್ಮಿ ಮಾಡಿ’ ಎಂದರು.

ಪೋಷಕರು ಕೇಳುವ ಪ್ರಶ್ನೆ ನನಗೆ ಗೊತ್ತು: ಮಾರ್ಕ್ಸು? ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಮಗಳಿಗೆ 71 ಬಂತು. ಅದು ಜಾವಾದಿಂದಲೇ ಬಂತು ಎಂದು ನಾನು ಹೇಳಲಾರೆ, ದಸರಾ ನಂತರ ಅವಳು ಚೆನ್ನಾಗಿ ಓದಿದಳು. ಪಿಯುಸಿ ಬೇಡ, ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡುತ್ತೇನೆ ಎಂದಾಗ ತಡವರಿಸಿದವನು ನಾನು. ಬೇರೆ ಮಕ್ಕಳ ಪೋಷಕರಿಗೆ ‘ಮಕ್ಕಳ ಇಷ್ಟಕ್ಕೆ ಬಿಡಿ’ ಎಂದು ಎಷ್ಟು ಸಲ ಹೇಳಿದ್ದೆನೋ! ‘ಸೇರಿಸಿ ರೀ, ಗ್ರೀಸು ತೊಳೆದರೆ ಹೋಗುತ್ತೆ’ ಎಂದವಳು ನನ್ನಾಕೆಯೇ.

ಪೂಜೆಯ ಸಂಜೆ ಮಗಳು ತಾತನ ನೋಟ್‌ಬುಕ್ ತೆಗೆದು, ಕೊನೆಯ ಸಾಲಿನ ಕೆಳಗೆ ಬರೆದಳು: ‘23-10-2023. ಪೆ 2, ಎ 80. ಬೋರ್ 65.50.’ ಅಕ್ಷರ ಅಪ್ಪನದಕ್ಕಿಂತ ಸೊಟ್ಟಗಿತ್ತು. ಮೇಷ್ಟರ ಅಭ್ಯಾಸ, ತಿದ್ದೋಣವೆಂದು ಕೈ ಹೋಯಿತು. ತಿದ್ದಲಿಲ್ಲ.